ಪೀಣ್ಯದ ಗಾಳಿ ಅಳೆಯುತ್ತೀರಿ, ಪೀಣ್ಯದವರ ಉಸಿರನ್ನು ಅಳೆಯೋದು ಯಾವಾಗ?

ಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಬೆಂಗಳೂರಿನ ವಯಸ್ಕರ ಶ್ವಾಸಕೋಶದ ಶಕ್ತಿ ಅಳೆಯುವ ಸಮೀಕ್ಷೆ ನಡೆಸುವ ಬಗ್ಗೆ, ಮತ್ತು ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ರಮಬದ್ಧ ಸ್ಪೈರೊಮೆಟ್ರಿ ಒದಗಿಸುವ ಬಗ್ಗೆ.

ಮಾನ್ಯರೇ,

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪಿಎಫ್‌ಟಿ ಟೆಕ್ನಿಷಿಯನ್, ಅಂದರೆ ಶ್ವಾಸಕೋಶದ ಶಕ್ತಿ ಪರೀಕ್ಷೆ ಮಾಡುವವನು. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, 'ಊದಿ, ಊದಿ, ಊದಿ, ಬಿಡ್ಬೇಡಿ, ಇನ್ನೂ ಇನ್ನೂ' ಅಂತ ಬೆಳಗಿನಿಂದ ಸಂಜೆವರೆಗೆ ಕೂಗುವುದೇ ನನ್ನ ಕೆಲಸ. ಸ್ಪೈರೊಮೆಟ್ರಿ ಅನ್ನುವ ಹೆಸರು ಜನರ ಬಾಯಲ್ಲಿ ನಿಲ್ಲುವುದಿಲ್ಲ. ಎಲ್ಲರೂ ಇದನ್ನು 'ಊದೋ ಟೆಸ್ಟ್' ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಕರೆಯುತ್ತೇನೆ.

ಈ ಪತ್ರ ಯಾವ ಒಬ್ಬ ಅಧಿಕಾರಿಯ ಮೇಲಿನ ದೂರೂ ಅಲ್ಲ. ಈ ಊರಿನಲ್ಲಿ ಎಣಿಸಲೇಬೇಕಾದ ಒಂದು ವಿಷಯವನ್ನು ಯಾರೂ ಎಣಿಸುತ್ತಿಲ್ಲ. ಅದನ್ನು ಹೇಳೋಣ ಅಂತ ಬರೆಯುತ್ತಿದ್ದೇನೆ.

ಬೆಂಗಳೂರಿನ ಗಾಳಿಯನ್ನು ನಾವು ಅಳೆಯುತ್ತೇವೆ. ಸಿಲ್ಕ್ ಬೋರ್ಡ್, ಹೆಬ್ಬಾಳ, ಪೀಣ್ಯ, ಬಿಟಿಎಂ ಲೇಔಟ್, ಬಾಪೂಜಿನಗರ, ಜಯನಗರ 5ನೇ ಬ್ಲಾಕ್, ಇಲ್ಲೆಲ್ಲ ಮಾಲಿನ್ಯ ಅಳೆಯುವ ಕೇಂದ್ರಗಳಿವೆ. ಅಲ್ಲಿನ ಅಂಕಿ ಮೊಬೈಲಿನಲ್ಲೇ ಸಿಗುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿತಲ್ವಾ, ಅದರ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಜೊತೆ ಬೆಂಗಳೂರೂ ಇದೆ. ಪಿಎಂ 2.5 ಅನ್ನುವ ಸಣ್ಣ ಕಣಕ್ಕೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಯಾವುದು ಸರಿ ಅಂತ ಟಿವಿಯಲ್ಲಿ ಚರ್ಚೆ ಆಗುತ್ತದೆ, ಕೋರ್ಟಿನಲ್ಲೂ ಆಗುತ್ತದೆ. ಆಗಲಿ, ಒಳ್ಳೆಯದೇ. ಆದರೆ ಆ ಗಾಳಿಯನ್ನು ಇಪ್ಪತ್ತು ವರ್ಷ ಎಳೆದುಕೊಂಡವರ ಎದೆಯೊಳಗೆ ಎಷ್ಟು ಉಸಿರು ಉಳಿದಿದೆ? ಪೀಣ್ಯದಲ್ಲಿ 40 ದಾಟಿದವರಲ್ಲಿ ಎಷ್ಟು ಜನಕ್ಕೆ ಶ್ವಾಸನಾಳ ಶಾಶ್ವತವಾಗಿ ಕಿರಿದಾಗಿದೆ? ಇದಕ್ಕೆ ಇಲಾಖೆಯ ಯಾವ ಫೈಲಿನಲ್ಲೂ ಉತ್ತರ ಇಲ್ಲ.

ಅಂಕಿಗಳೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇವೆ. ಅವು ಎಂಥವು ಅನ್ನುವುದೇ ನನ್ನ ತಕರಾರು.

2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಬೆಂಗಳೂರು, ಚಂಡೀಗಢ, ದೆಹಲಿ, ಕಾನ್ಪುರ, ಈ ನಾಲ್ಕು ಕಡೆ 35 ದಾಟಿದ 35,295 ಜನರನ್ನು ವಿಚಾರಿಸಿದರು. 4.1% ಜನಕ್ಕೆ ಸಿಒಪಿಡಿ, ಅಂದರೆ ಶ್ವಾಸನಾಳ ಶಾಶ್ವತವಾಗಿ ಕಿರಿದಾಗುವ ಕಾಯಿಲೆ, ಇದೆ ಅಂತ ಲೆಕ್ಕ ಬಂತು. ಬಹಳ ದೊಡ್ಡ ಕೆಲಸ, ಮಾಡಿದವರಿಗೆ ನಮಸ್ಕಾರ. ಆದರೆ ಅದು ಪ್ರಶ್ನೆ ಕೇಳಿ ಪಡೆದ ಲೆಕ್ಕ. ಕೆಮ್ಮು ಬರುತ್ತಾ, ಕಫ ಬರುತ್ತಾ, ಎಷ್ಟು ತಿಂಗಳಿಂದ ಅಂತ ಕೇಳಿ ಬರೆದುಕೊಂಡದ್ದು. ಆಮೇಲೆ ಇದನ್ನೇ ದೇಶದ 12 ಕಡೆ, 15 ದಾಟಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಲ್ಲಿ ಮಾಡಿದರು. ಅಲ್ಲಿಯೂ ಪ್ರಶ್ನೆಗಳೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಗೆ ಬಂದಾಗ ಬಿಪಿ ನೋಡುತ್ತಾರೆ, ಬೆರಳು ಚುಚ್ಚಿ ಶುಗರ್ ನೋಡುತ್ತಾರೆ. ಉಸಿರಿನ ವಿಷಯಕ್ಕೆ ಬಂದರೆ ಮಾತ್ರ 'ಅಸ್ತಮಾ ಇದೆಯಾ' ಅಂತ ಬಾಯಲ್ಲಿ ಕೇಳಿ ಮುಂದೆ ಹೋಗುತ್ತಾರೆ.

ಮಕ್ಕಳ ವಿಷಯದಲ್ಲಿ ನಮ್ಮ ಊರು ಇದಕ್ಕಿಂತ ವಾಸಿ. ಡಾ. ಎಚ್. ಪರಮೇಶ್ ಅವರು ಬೆಂಗಳೂರಿನಲ್ಲಿ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ವರ್ಷಗಟ್ಟಲೆ ಲೆಕ್ಕ ಇಟ್ಟರು. 1979ರಲ್ಲಿ 9% ಇದ್ದ ಅಸ್ತಮಾ 1999ಕ್ಕೆ 29.5% ಆಗಿತ್ತು. ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಡೀ ಊರಿನ ಲೆಕ್ಕ ಆಗುವುದಿಲ್ಲ, ಒಪ್ಪುತ್ತೇನೆ. ಆದರೂ ಈ ಊರಿನ ಮಾಲಿನ್ಯದ ಮಾತು ಬಂದಾಗೆಲ್ಲ ಇವತ್ತಿಗೂ ಆ ಅಂಕಿಯೇ ಓಡಾಡುತ್ತದೆ. ಕಾರಣ ಸರಳ: ಯಾರೋ ಕೂತು ಬರೆದಿಟ್ಟಿದ್ದರು. ಆ ಮಕ್ಕಳೇ ಈಗ ನಲವತ್ತು ದಾಟುತ್ತಿದ್ದಾರೆ. ಅವರನ್ನು ಯಾರು ನೋಡುತ್ತಿದ್ದಾರೆ?

ಇಡೀ ದೇಶಕ್ಕೆ ಅಂತ ಹೇಳುವ ಅಂಕಿಯೂ ಒಂದಿದೆ. 1990ರಲ್ಲಿ ಭಾರತದಲ್ಲಿ 2.81 ಕೋಟಿ ಇದ್ದ ಸಿಒಪಿಡಿ ರೋಗಿಗಳು 2016ಕ್ಕೆ 5.53 ಕೋಟಿ ಆದರು. ಆ ಕಾಯಿಲೆಯ ಹೊರೆಯಲ್ಲಿ 53.7% ಪಾಲು ವಾಯುಮಾಲಿನ್ಯದ್ದು, 25.4% ತಂಬಾಕಿನದ್ದು. ಇದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ನನ್ನ ಮುಂದೆ ಕೂತು ಊದುವವರಲ್ಲಿ ಬೀಡಿ ಸೇದದವರು, ಅದರಲ್ಲೂ ಹೆಂಗಸರು, ಏನೂ ಕಮ್ಮಿ ಇಲ್ಲ. ಆದರೆ ಇದು ಇದ್ದಬದ್ದ ಅಧ್ಯಯನಗಳನ್ನು ಜೋಡಿಸಿ ಮಾಡಿದ ಅಂದಾಜು. ಅದರಲ್ಲಿ ಬೆಂಗಳೂರಿನ ಪಾಲು ಎಷ್ಟು, ಯಾವ ವಾರ್ಡಿನಲ್ಲಿ ಜಾಸ್ತಿ ಅಂತ ಹುಡುಕಿದರೆ ಸಿಗುವುದಿಲ್ಲ.

ಬಾಯಲ್ಲಿ ಕೇಳಿದರೆ ಯಾಕೆ ಸಾಲದು ಅಂತ ತಾವು ಕೇಳಬಹುದು. ನನ್ನ ಕೋಣೆಯಲ್ಲಿ ಕಂಡದ್ದನ್ನು ಹೇಳುತ್ತೇನೆ.

ಐವತ್ತು ದಾಟಿದ ಒಬ್ಬ ತಾಯಿ ಬಂದಿದ್ದರು. ಮನೆಯಲ್ಲೇ ಊದುಬತ್ತಿ ಹೊಸೆಯುವ ಕೆಲಸ. ಬೆರಳ ಸಂದಿಯಲ್ಲಿ ಕಪ್ಪು ಇನ್ನೂ ಹಾಗೇ ಇತ್ತು. ಮೊಣಕಾಲಿನ ಆಪರೇಷನ್‌ಗೆ ಮುಂಚೆ ಫಿಟ್‌ನೆಸ್ ನೋಡಲು ಕಳಿಸಿದ್ದರು. 'ಅಮ್ಮ, ಉಸಿರಾಟದ ತೊಂದರೆ ಏನಾದರೂ ಇದೆಯಾ?' ಅಂದೆ. 'ಇಲ್ಲಪ್ಪ, ಚೆನ್ನಾಗೇ ಇದೀನಿ' ಅಂದರು. ಮೆಟ್ಟಿಲು ಹತ್ತುತ್ತೀರಾ ಅಂದರೆ, 'ನಮ್ಮದು ಕೆಳಗಿನ ಮನೆ' ಅಂದರು. ಮಾರ್ಕೆಟ್ಟಿಗೆ ಹೋಗುತ್ತೀರಾ ಅಂದರೆ, 'ಈಗ ಸೊಸೆ ಹೋಗ್ತಾಳೆ' ಅಂದರು. ಊದಲು ಕೊಟ್ಟೆ. ಮೊದಲನೇ ಸಲ ಮೂರು ಸೆಕೆಂಡಿಗೇ ಬಿಟ್ಟುಬಿಟ್ಟರು. ಎರಡನೇ ಸಲ ಕೆಮ್ಮು ಬಂತು. ಸ್ವಲ್ಪ ಕೂರಿಸಿ, ನೀರು ಕೊಟ್ಟು, ಮತ್ತೆ ಊದಿಸಿದೆ. 'ಊದಕ್ಕೆ ಉಸಿರು ಎಲ್ಲಿದೆಯಪ್ಪ' ಅಂತ ನಕ್ಕರು. ಮೊದಲನೇ ಸೆಕೆಂಡಿನಲ್ಲಿ ಒಂದು ಲೀಟರ್ ಗಾಳಿ ಕೂಡ ಹೊರಗೆ ಬರಲಿಲ್ಲ. ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಔಷಧಿ ಕೊಟ್ಟು ಕಾಲು ಗಂಟೆ ಕಾದು ಮತ್ತೆ ಊದಿಸಿದರೂ ಹೆಚ್ಚು ವ್ಯತ್ಯಾಸ ಇಲ್ಲ.

ಆ ತಾಯಿ ಸುಳ್ಳು ಹೇಳಲಿಲ್ಲ. ಉಸಿರು ಕಮ್ಮಿ ಆದ ಹಾಗೆ ಅವರು ಓಡಾಟ ಕಮ್ಮಿ ಮಾಡಿಕೊಂಡರು. ಅದಕ್ಕೇ ತೊಂದರೆ ಅಂತ ಅನಿಸಲೇ ಇಲ್ಲ. ಮೂವತ್ತು ದಾಟಿದ ಮೇಲೆ ಯಾರಿಗಾದರೂ ವರ್ಷಕ್ಕೆ 25ರಿಂದ 30 ಮಿಲಿಲೀಟರ್ ಹಾಗೆ ಊದುವ ಶಕ್ತಿ ಇಳಿಯುತ್ತದೆ. ಹೊಗೆ, ಧೂಳು ಇದ್ದವರಿಗೆ ಇನ್ನೂ ಜೋರಾಗಿ ಇಳಿಯುತ್ತದೆ. ಸದ್ದಿಲ್ಲದೆ ಇಳಿಯುವ ಇದನ್ನು ಯಾವ ಪ್ರಶ್ನೆಯೂ ಹಿಡಿಯುವುದಿಲ್ಲ. 'ಡಸ್ಟ್ ಅಲರ್ಜಿ', 'ಬೆಂಗಳೂರು ಹವಾ ಆಗಲ್ಲ', 'ವಯಸ್ಸಾಯ್ತಲ್ಲ', ಇಂಥ ಮಾತುಗಳಡಿ ಅದು ಮುಚ್ಚಿಹೋಗುತ್ತದೆ.

ಇನ್ನು ತಮ್ಮದೇ ಕಾರ್ಯಕ್ರಮದ ವಿಷಯ. 30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ತರುವ, ಬಿಪಿ, ಶುಗರ್ ಥರದ ಕಾಯಿಲೆಗಳ ಅಪಾಯ ಕೇಳಿ ಬರೆದುಕೊಳ್ಳುವ ಸಿಬ್ಯಾಕ್ ಫಾರಂ ಇದೆಯಲ್ಲ, ಅದನ್ನು ಮಾಡಿದವರು ಬುದ್ಧಿವಂತರು. ಉಸಿರಾಟಕ್ಕೆ ಕಷ್ಟ ಆಗುತ್ತಾ ಅಂತ ಕೇಳುತ್ತದೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದೆಯಾ ಅಂತ ಕೇಳುತ್ತದೆ. ಅಡುಗೆಗೆ ಯಾವ ಉರುವಲು, ಕಸ ಸುಡುತ್ತೀರಾ, ಹೊಗೆ ಧೂಳಿನ ಕಾರ್ಖಾನೆಯಲ್ಲಿ ಕೆಲಸವಾ ಅಂತಲೂ ಕೇಳುತ್ತದೆ. ಒಂದು ಸಣ್ಣ ಕೊರತೆ ಇದೆ. ಬೆಂಗಳೂರಿನ ಅಂಚಿನಲ್ಲಿ, ಹಳೇ ಊರುಗಳು ಲೇಔಟ್ ಆಗಿರುವ ಕಡೆ, ಅಡುಗೆಗೆ ಗ್ಯಾಸ್ ಇರುತ್ತದೆ, ಬಚ್ಚಲ ಹಂಡೆಗೆ ಮಾತ್ರ ಸೌದೆ, ತೆಂಗಿನ ಗರಿ, ಕೆಲವು ಸಲ ಕಟ್ಟಡದ ಹಲಗೆ ಚೂರು, ಪ್ಲಾಸ್ಟಿಕ್ ಕೂಡ. ಬೆಳಗ್ಗೆ ಐದಕ್ಕೇ ಎದ್ದು ಒಲೆ ಊದುವವರು ಆ ಮನೆಯ ಹೆಂಗಸರು. 'ಅಡುಗೆಗೆ ಏನು ಉರಿಸ್ತೀರಾ' ಅಂದರೆ 'ಗ್ಯಾಸು' ಅಂತ ಉತ್ತರ ಬರುತ್ತದೆ, ಫಾರಂ ಮುಂದಿನ ಸಾಲಿಗೆ ಹೋಗುತ್ತದೆ. ನಮ್ಮ ರಾಜ್ಯದ ಫಾರಂನಲ್ಲಿ 'ಸ್ನಾನದ ನೀರು ಯಾವುದರಲ್ಲಿ ಕಾಯಿಸುತ್ತೀರಿ' ಅನ್ನುವ ಒಂದು ಪ್ರಶ್ನೆ ಸೇರಿಸಿ. ಖರ್ಚಿಲ್ಲದ ಕೆಲಸ.

ಆದರೆ ದೊಡ್ಡ ಕೊರತೆ ಇರುವುದು ಫಾರಂ ತುಂಬಿದ ಮೇಲೆ. ಬಿಪಿ ಜಾಸ್ತಿ ಇದ್ದರೆ ಸರ್ಕಾರದ 'ನಮ್ಮ ಕ್ಲಿನಿಕ್'ನಲ್ಲಿ ಮತ್ತೆ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ಶುಗರ್ ಇದ್ದರೆ ಲ್ಯಾಬ್ ಇದೆ. ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡುತ್ತಾರೆ, ಟಿಬಿ ಇಲ್ಲ ಅಂತ ಬಂದರೆ 'ಏನೂ ಇಲ್ಲ, ಹೋಗಿ' ಅನ್ನುತ್ತಾರೆ. ಉಸಿರಾಟಕ್ಕೆ ಕಷ್ಟ ಅಂದವರು ಎಲ್ಲಿ ಊದಬೇಕು? ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಂಥ ದೊಡ್ಡ ಜಾಗಕ್ಕೆ ಹೋಗಬೇಕು. ಯಲಹಂಕದ ಆಚೆಯಿಂದ, ದಾಸನಪುರದಿಂದ, ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ. ಯಾರು ಹೋಗುತ್ತಾರೆ ಹೇಳಿ? ಬದಲಿಗೆ ಪಕ್ಕದ ಬೀದಿಯಲ್ಲಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು, ನೆಬುಲೈಸರ್ ಇಟ್ಟುಕೊಂಡು, ಎರಡು ದಿನ ಹಗುರ ಆಗಿ ಮತ್ತೆ ಕೆಲಸಕ್ಕೆ ಹೋಗುತ್ತಾರೆ.

ಹಾಗಂತ 'ಎಲ್ಲ ನಮ್ಮ ಕ್ಲಿನಿಕ್‌ಗೂ ಒಂದೊಂದು ಮಿಷನ್ ಕೊಡಿ' ಅಂತ ನಾನು ಕೇಳುವುದಿಲ್ಲ. ಕೇಳಿದರೆ ಟೆಂಡರ್ ಕರೆಯುತ್ತೀರಿ, ಮಿಷನ್ ಬರುತ್ತದೆ, ರಿಬ್ಬನ್ ಕತ್ತರಿಸುತ್ತಾರೆ, ಆರು ತಿಂಗಳಿಗೆ ಅದರ ಮೇಲೆ ರಿಜಿಸ್ಟರ್ ಪುಸ್ತಕ ಕೂತಿರುತ್ತದೆ. ಈ ಟೆಸ್ಟಿನ ಗುಟ್ಟು ಮಿಷನ್‌ನಲ್ಲಿ ಇಲ್ಲ, ಮಾಡಿಸುವವರಲ್ಲಿ ಇದೆ. ರಕ್ತ ತೆಗೆಯುವಾಗ ರೋಗಿ ಸುಮ್ನೆ ಕೈ ಚಾಚಿದರೆ ಸಾಕು. ಇಲ್ಲಿ ರೋಗಿಯೇ ಮೈಯೆಲ್ಲ ಬಲ ಹಾಕಿ ಊದಬೇಕು. ನಿಯಮ ಗಟ್ಟಿಯಾಗಿದೆ. ಕನಿಷ್ಠ ಮೂರು ಸಲ ಸರಿಯಾಗಿ ಊದಿರಬೇಕು. ಅದರಲ್ಲಿ ಅತಿ ಜಾಸ್ತಿ ಬಂದ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ಅಂತರ ಇರಬಾರದು. ಬರದಿದ್ದರೆ ಎಂಟು ಸಲದವರೆಗೂ ಊದಿಸಬಹುದು. ಆಮೇಲೆ 400 ಮೈಕ್ರೋಗ್ರಾಂ ಸಾಲ್ಬುಟಮಾಲ್ ಕೊಟ್ಟು, ಕಾಲು ಗಂಟೆ ಬಿಟ್ಟು, ಇನ್ನೊಮ್ಮೆ ಇಷ್ಟೂ ಮಾಡಬೇಕು. ಆಗಲೂ ಮೊದಲ ಸೆಕೆಂಡಿನ ಗಾಳಿ ಒಟ್ಟು ಊದಿದ ಗಾಳಿಯ 70%ಕ್ಕಿಂತ ಕಮ್ಮಿ ಇದ್ದರೆ ಸಿಒಪಿಡಿ ಅಂತ ವೈದ್ಯರು ಹೇಳಬಹುದು. ಒಬ್ಬರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಆದರೆ ಊರಲ್ಲಿ ನಡೆಯುತ್ತಿರುವುದೇ ಬೇರೆ. ಮಾಸ್ಟರ್ ಚೆಕಪ್ ಪ್ಯಾಕೇಜಿನಲ್ಲಿ ಒಂದೇ ಸಲ ಊದಿಸಿ ಪ್ರಿಂಟ್ ಕೊಟ್ಟ ರಿಪೋರ್ಟುಗಳು ನನ್ನ ಮೇಜಿಗೆ ಬರುತ್ತವೆ. ಗ್ರಾಫಿನ ಗೆರೆ ನೋಡಿದರೇ ಗೊತ್ತಾಗುತ್ತದೆ, ರೋಗಿ ಎರಡು ಸೆಕೆಂಡಿಗೆ ಬಿಟ್ಟಿದ್ದಾನೆ, ಅಥವಾ ಊದುವ ಮೊದಲು ತಡವರಿಸಿದ್ದಾನೆ. ಕೆಳಗೆ ಮಿಷನ್ ತಾನಾಗೇ 'ನಾರ್ಮಲ್' ಅಂತಲೋ 'ರಿಸ್ಟ್ರಿಕ್ಷನ್' (ಶ್ವಾಸಕೋಶ ಪೂರ್ತಿ ಹಿಗ್ಗುತ್ತಿಲ್ಲ) ಅಂತಲೋ ಮುದ್ರಿಸಿರುತ್ತದೆ. ಪಾರ್ಕಿನಲ್ಲಿ ಶಾಮಿಯಾನ ಹಾಕಿ ಮಾಡುವ ಉಚಿತ ಕ್ಯಾಂಪುಗಳದ್ದೂ ಇದೇ ಕಥೆ, ಅಲ್ಲಿ ಸಾಲ್ಬುಟಮಾಲ್ ಕೊಟ್ಟು ಕಾಯುವ ಮಾತೇ ಇಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ಹೆಸರು ಬೇಡ, ಮಿಷನ್ ಜೊತೆ ಬಂದ ಮೂರು ಲೀಟರಿನ ಕ್ಯಾಲಿಬ್ರೇಷನ್ ಸಿರಿಂಜ್ ಪ್ಯಾಕಿಂಗ್ ಕೂಡ ಬಿಚ್ಚದೆ ಬೀರುವಿನ ಮೇಲೆ ಇತ್ತು. ದಿನಾ ಬೆಳಗ್ಗೆ ಆ ಸಿರಿಂಜಿನಿಂದ ಗಾಳಿ ತಳ್ಳಿ, ಮಿಷನ್ ಮೂರು ಲೀಟರ್ ಅಂತ ತೋರಿಸುತ್ತದಾ ಅಂತ ನೋಡಬೇಕು, 3%ಕ್ಕಿಂತ ಆಚೀಚೆ ಆಗಬಾರದು. ಬಿಚ್ಚಲು ಹೋದರೆ 'ಅದೆಲ್ಲ ಯಾಕೆ, ಮಿಷನ್ ಹೊಸದು' ಅಂದರು. ಕಿರಾಣಿ ಅಂಗಡಿಯ ತಕ್ಕಡಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು ಸ್ವಾಮಿ. ಜನರ ಉಸಿರು ತೂಗುವ ಮಿಷನ್‌ಗೆ ಹೇಳುವವರು ಕೇಳುವವರು ಇಲ್ಲ.

ಇದರ ಜೊತೆ ಇನ್ನೊಂದು ಗೋಜಲಿದೆ. ಹೊರಗಿನವರಿಗೆ ಕಾಣುವುದಿಲ್ಲ, ಆದರೆ ಅಂಕಿ ಎಲ್ಲ ಬುಡಮೇಲು ಮಾಡುವಂಥದ್ದು. ಊದಿದ ಮೇಲೆ ಮಿಷನ್ 'ಇವರ ವಯಸ್ಸಿಗೆ, ಎತ್ತರಕ್ಕೆ ಇಷ್ಟು ಬರಬೇಕಿತ್ತು, ಇಷ್ಟು ಪರ್ಸೆಂಟ್ ಬಂದಿದೆ' ಅನ್ನುತ್ತದೆ. ಆ 'ಬರಬೇಕಿತ್ತು' ಎಲ್ಲಿಂದ ಬಂತು? ಮಿಷನ್ ಒಳಗೆ ಒಂದು ಪಟ್ಟಿ ಇರುತ್ತದೆ, ಸೆಟ್ಟಿಂಗ್ಸಿಗೆ ಹೋಗಿ ಆರಿಸಬೇಕು. ಒಂದು ಲ್ಯಾಬಿನಲ್ಲಿ ಯುರೋಪಿನವರ ಲೆಕ್ಕ ಇಟ್ಟಿರುತ್ತಾರೆ, ಇನ್ನೊಂದರಲ್ಲಿ ಹಳೆಯ ಭಾರತೀಯ ಲೆಕ್ಕ. ಅದೇ ಮನುಷ್ಯ, ಅದೇ ಊದು, ಒಂದು ಕಡೆ 'ಕಮ್ಮಿ ಇದೆ', ಇನ್ನೊಂದು ಕಡೆ 'ಸರಿಯಾಗಿದೆ'. 2012ರಲ್ಲಿ ಜಗತ್ತಿನ ತಜ್ಞರೆಲ್ಲ ಸೇರಿ ಜಿಎಲ್ಐ ಅನ್ನುವ ಲೆಕ್ಕ ತಂದರು. ಅದರಲ್ಲಿ ಚೀನಾ ಕಡೆಯವರಿಗೆ ಬೇರೆ ಗುಂಪಿದೆ, ನಮ್ಮವರಿಗೆ ಅಂತ ಇಲ್ಲ, 'ಇತರೆ' ಅನ್ನುವುದರಲ್ಲಿ ಹಾಕಬೇಕು. 2022ರಲ್ಲಿ ಜನಾಂಗ ನೋಡದೆ ಎಲ್ಲರಿಗೂ ಒಂದೇ ಲೆಕ್ಕ ತಂದರು.

ಇದು ಬರೀ ಟೆಕ್ನಿಷಿಯನ್ ತಲೆನೋವಲ್ಲ. 2013ರಲ್ಲಿ ಪ್ಯೂರ್ ಅನ್ನುವ ಅಂತರರಾಷ್ಟ್ರೀಯ ಅಧ್ಯಯನ 17 ದೇಶಗಳ ಆರೋಗ್ಯವಂತ ವಯಸ್ಕರ ಊದು ಹೋಲಿಸಿ ನೋಡಿತು. ವಯಸ್ಸು, ಎತ್ತರ ಸರಿದೂಗಿಸಿದ ಮೇಲೂ ದಕ್ಷಿಣ ಏಷ್ಯಾದವರ ಮೊದಲ ಸೆಕೆಂಡಿನ ಗಾಳಿ ಯುರೋಪ್, ಉತ್ತರ ಅಮೆರಿಕದವರಿಗಿಂತ ಸುಮಾರು 30% ಕಮ್ಮಿ. ಆ ಅಧ್ಯಯನಕ್ಕೆ ಭಾರತದಲ್ಲಿ ಮುಂದಾಳಾಗಿದ್ದದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೇ. ಈ 30% ಹುಟ್ಟಿನಿಂದ ಬಂದದ್ದಾ, ಮೈಕಟ್ಟಿನದ್ದಾ, ಇಲ್ಲ ಚಿಕ್ಕಂದಿನ ಅರೆಹೊಟ್ಟೆ, ಒಲೆ ಹೊಗೆ, ರಸ್ತೆ ಧೂಳು ಸೇರಿ ಕಿತ್ತುಕೊಂಡದ್ದಾ? ತಜ್ಞರು ಇನ್ನೂ ವಾದ ಮಾಡುತ್ತಿದ್ದಾರೆ. 'ನಮ್ಮವರ ಶ್ವಾಸಕೋಶವೇ ಚಿಕ್ಕದು ಬಿಡಿ' ಅಂತ ಲೆಕ್ಕವನ್ನೇ ಕೆಳಗಿಳಿಸಿಬಿಟ್ಟರೆ ಕಾಯಿಲೆ ಇದ್ದವರೂ ನಾರ್ಮಲ್ ಆಗಿಬಿಡುತ್ತಾರೆ. ಯುರೋಪಿನ ಲೆಕ್ಕವನ್ನೇ ಹಿಡಿದರೆ ಚೆನ್ನಾಗಿರುವವರಿಗೂ ರೋಗದ ಹಣೆಪಟ್ಟಿ, ಕೆಲಸಕ್ಕೆ ಸೇರುವಾಗ ಅನ್‌ಫಿಟ್. ಯಾವುದು ಸರಿ ಅಂತ ತೀರ್ಮಾನಿಸುವಷ್ಟು ನಾನು ಓದಿದವನಲ್ಲ. ಆದರೆ ಲ್ಯಾಬಿಗೊಂದು ಲೆಕ್ಕ ಇರಬಾರದು ಅನ್ನುವಷ್ಟು ಗೊತ್ತು.

ಹಾಗಾಗಿ ನನ್ನ ಮೊದಲ ಮತ್ತು ಮುಖ್ಯ ಬೇಡಿಕೆ ಸಮೀಕ್ಷೆ. ಬೆಂಗಳೂರಿನ ಎಲ್ಲರನ್ನೂ ಊದಿಸಿ ಅಂತ ಅಲ್ಲ. ಯಾವ ತೊಂದರೆಯೂ ಇಲ್ಲದವರನ್ನೆಲ್ಲ ಸಿಒಪಿಡಿಗೆ ಅಂತ ಊದಿಸುವುದು ಬೇಡ ಅಂತ ಅಮೆರಿಕದ ತಜ್ಞರ ಮಂಡಳಿಯೇ 2016ರಲ್ಲೂ 2022ರಲ್ಲೂ ಹೇಳಿದೆ, ನನಗೂ ಅದು ಸರಿ ಅನಿಸುತ್ತದೆ. ಆದರೆ ಊರಿನ ಲೆಕ್ಕ ಸಿಗಲು ಎಲ್ಲರೂ ಊದಬೇಕಾಗಿಲ್ಲ. ವಾರ್ಡುಗಳನ್ನು ಚೀಟಿ ಎತ್ತಿ ಆರಿಸಿ, ಮನೆಗಳನ್ನು ಚೀಟಿ ಎತ್ತಿ ಆರಿಸಿ, 40 ದಾಟಿದವರನ್ನು ಕ್ರಮವಾಗಿ, ಸಾಲ್ಬುಟಮಾಲ್ ಕೊಟ್ಟ ನಂತರವೂ ಊದಿಸಿ. ಬೋಲ್ಡ್ ಅನ್ನುವ ಅಂತರರಾಷ್ಟ್ರೀಯ ಅಧ್ಯಯನ ಹತ್ತಾರು ದೇಶಗಳಲ್ಲಿ ಮಾಡಿದ್ದು ಇದನ್ನೇ. ದೂರ ಯಾಕೆ ಹೋಗಬೇಕು, ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನವರು ಸುತ್ತಲಿನ ಹಳ್ಳಿಗಳಲ್ಲೇ ಜನರನ್ನು ಊದಿಸಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಮೈಸೂರಿನ ಹಳ್ಳಿಯಲ್ಲಿ ಆಗುವುದು ಮಹಾಲಕ್ಷ್ಮಿ ಲೇಔಟಿನಲ್ಲಿ ಆಗುವುದಿಲ್ಲವೇ? 2017-18ರಲ್ಲಿ ವಯಸ್ಸಾದವರ ಬಗ್ಗೆ ನಡೆದ ಲಾಸಿ ಅನ್ನುವ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ 45 ದಾಟಿದ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು, ಅದರಲ್ಲಿ ಮನೆ ಬಾಗಿಲಲ್ಲೇ ಊದಿಸಿ ನೋಡುವುದೂ ಸೇರಿತ್ತು. ಮನೆಗೆ ಹೋಗಿ ಈ ಟೆಸ್ಟ್ ಮಾಡಲಾಗದು ಅನ್ನುವ ನೆಪ ಅಲ್ಲಿಗೆ ಮುಗಿಯಿತು.

ವಾರ್ಡ್ ಆರಿಸುವಾಗ ಗಾಳಿ ಅಳೆಯುವ ಕೇಂದ್ರಗಳ ಅಕ್ಕಪಕ್ಕದವು ಕೆಲವು ಇರಲಿ. ಹೊಸ ಅಪಾರ್ಟ್‌ಮೆಂಟ್ ಕಡೆಯವೂ ಇರಲಿ, ಯಾಕೆಂದರೆ ಅಲ್ಲಿ ಹತ್ತು ವರ್ಷದಿಂದ ನಿಲ್ಲದ ಕಟ್ಟಡದ ಧೂಳಿದೆ. ಪೌರಕಾರ್ಮಿಕರು, ಟ್ರಾಫಿಕ್ ಪೊಲೀಸರು, ಆಟೋ ಓಡಿಸುವವರು, ಗಾರ್ಮೆಂಟ್ಸ್ ಹೆಂಗಸರು, ಕಲ್ಲು ಕೆಲಸದವರು, ಇವರನ್ನು ಪ್ರತ್ಯೇಕವಾಗಿ ನೋಡಿ. 1846ರಲ್ಲಿ ಜಾನ್ ಹಚಿನ್ಸನ್ ಅನ್ನುವ ವೈದ್ಯ ಲಂಡನ್ನಿನಲ್ಲಿ ಮೊದಲ ಸ್ಪೈರೊಮೀಟರ್ ಇಟ್ಟುಕೊಂಡು ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಊದಿಸಿದ. ಅವನ ಪಟ್ಟಿಯಲ್ಲಿ ನಾವಿಕರಿದ್ದರು, ಪೊಲೀಸರಿದ್ದರು, ಮುದ್ರಣಾಲಯದ ಕೆಲಸಗಾರರಿದ್ದರು, ಕುಸ್ತಿಯವರಿದ್ದರು, ದಿಕ್ಕಿಲ್ಲದ ಬಡವರೂ ಇದ್ದರು. ಕೆಲಸಕ್ಕೂ ಉಸಿರಿಗೂ ಸಂಬಂಧ ನೋಡಬೇಕು ಅಂತ ಅವನಿಗೆ ಆಗಲೇ ಹೊಳೆದಿತ್ತು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್, ಹತ್ತಿ ಧೂಳಿನ ಬಿಸಿನೋಸಿಸ್ ಎರಡೂ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಇದ್ದವು, ಕಂಡರೆ ವರದಿ ಮಾಡಲೇಬೇಕು ಅಂತ. ಊದಿಸದೆ ಕಾಣುವುದು ಹೇಗೆ?

ಎರಡನೆಯದು, ಫಾರಂನಲ್ಲಿ ಉಸಿರಾಟದ ತೊಂದರೆ ಅಂತ ಬಂದವರಿಗೆ ಊದುವ ಜಾಗ. ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಒಂದು ಸಾಕು. ಕಲಿತ ಒಬ್ಬರು ಮತ್ತು ದಿನಾ ಪರೀಕ್ಷೆಯಾಗುವ ಒಂದು ಮಿಷನ್, ವಾರಕ್ಕೆ ಗೊತ್ತಾದ ದಿನಗಳಲ್ಲಿ. ಜನ ಎಲ್ಲಿಂದ ತರುವುದು ಅನ್ನಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಡಿ ರೆಸ್ಪಿರೇಟರಿ ಕೇರ್ ಟೆಕ್ನಾಲಜಿಯಲ್ಲಿ ಬಿಎಸ್ಸಿ ಓದಿದ ಹುಡುಗ ಹುಡುಗಿಯರು ವರ್ಷವರ್ಷ ಹೊರಬರುತ್ತಿದ್ದಾರೆ. ಸರ್ಕಾರದಲ್ಲಿ ಅವರಿಗೆ ಹುದ್ದೆ ಕಾಣದೆ ಐಸಿಯು ವೆಂಟಿಲೇಟರ್ ನೋಡಿಕೊಳ್ಳಲು ಹೋಗುತ್ತಾರೆ, ಇಲ್ಲವೇ ಗಲ್ಫಿಗೆ ಹಾರುತ್ತಾರೆ. ಟಿಬಿ ಚಿಕಿತ್ಸೆ ಮುಗಿಸಿದವರನ್ನೂ ಇಲ್ಲಿಗೇ ಕಳಿಸಿ. ಕಫ ನೆಗೆಟಿವ್ ಬಂತು, ಕಾರ್ಡ್ ಮುಚ್ಚಿತು, ಆದರೆ ಶ್ವಾಸಕೋಶದ ಗಾಯ ಹಾಗೇ ಉಳಿದು ನಾಲ್ಕು ವರ್ಷಕ್ಕೆ ಏದುಸಿರು ಶುರುವಾದವರು ನನ್ನಲ್ಲಿಗೆ ಬರುತ್ತಲೇ ಇರುತ್ತಾರೆ.

ಊದಿಸಿ ಕಾಯಿಲೆಯ ಹೆಸರು ಹೇಳಿ ಬರಿಗೈಲಿ ಕಳಿಸುವುದಾದರೆ ಊದಿಸುವುದೇ ಬೇಡ. ಇನ್ಹೇಲರ್ ಅದೇ ಜಾಗದಲ್ಲಿ ಸಿಗಬೇಕು. 'ಪಂಪ್ ಹಾಕ್ಕೊಂಡ್ರೆ ಅಭ್ಯಾಸ ಆಗಿಬಿಡುತ್ತೆ' ಅನ್ನುವ ಹೆದರಿಕೆ ಈ ಊರಲ್ಲಿ ಎಂಬಿಎ ಓದಿದವರಿಗೂ ಇದೆ. ಹೇಗೆ ಎಳೆದುಕೊಳ್ಳಬೇಕು ಅಂತ ಎದುರಿಗೆ ಕೂರಿಸಿ ತೋರಿಸಲು ಐದು ನಿಮಿಷ ಸಾಕು, ಆ ಐದು ನಿಮಿಷ ಕೊಡುವವರು ಬೇಕು.

ಮೂರನೆಯದು ನಿಯಮ. ಖಾಸಗಿ ಆಸ್ಪತ್ರೆ, ಲ್ಯಾಬ್, ಕ್ಯಾಂಪ್ ಯಾರೇ ಆಗಲಿ, ಊದುವ ಟೆಸ್ಟಿಗೆ ದುಡ್ಡು ತೆಗೆದುಕೊಂಡರೆ ರಿಪೋರ್ಟಿನಲ್ಲಿ ಮೂರೂ ಊದಿನ ಗೆರೆ, ಕ್ಯಾಲಿಬ್ರೇಷನ್ ಮಾಡಿದ ದಿನ, ಯಾವ ಲೆಕ್ಕ ಬಳಸಿದ್ದು, ಇಷ್ಟು ಇರಲೇಬೇಕು ಅಂತ ಒಂದು ಸುತ್ತೋಲೆ ಹೊರಡಿಸಿ. ರಾಜ್ಯಕ್ಕೆಲ್ಲ ಯಾವ ಲೆಕ್ಕ ಅನ್ನುವುದನ್ನು ತಜ್ಞರನ್ನು ಕೂರಿಸಿ ತೀರ್ಮಾನಿಸಿ. ಮರಣ ಪ್ರಮಾಣಪತ್ರದ ಕಡೆಯೂ ಸ್ವಲ್ಪ ಗಮನ ಕೊಡಿ. ವರ್ಷಗಟ್ಟಲೆ ದಮ್ಮಿನಿಂದ ನರಳಿ ಹೋದವರ ಕಾಗದದಲ್ಲಿ 'ಹೃದಯ ಮತ್ತು ಉಸಿರಾಟ ನಿಂತು' ಅಂತ ಬರೆದಿರುತ್ತಾರೆ. ಸತ್ತವರೆಲ್ಲರದ್ದೂ ನಿಂತಿರುತ್ತದೆ ಅಲ್ವಾ? ಯಾಕೆ ನಿಂತಿತು ಅಂತ ಬರೆದರೆ ತಾನೇ ಲೆಕ್ಕ.

ದುಡ್ಡಿನ ಮಾತು ಬಂದೇ ಬರುತ್ತದೆ. ಶುದ್ಧ ಗಾಳಿಗೆ ಅಂತ ಬಂದ ಹಣದಲ್ಲಿ ರಸ್ತೆ ಗುಡಿಸುವ ಮಿಷನ್, ನೀರು ಚಿಮುಕಿಸುವ ವಾಹನ ಎಲ್ಲ ಬಂದವು. ಬೇಡ ಅನ್ನುವುದಿಲ್ಲ. ಆದರೆ ಅವುಗಳಿಂದ ಯಾರ ಉಸಿರಿಗೆ ಏನು ಲಾಭ ಆಯಿತು ಅಂತ ಹೇಳಲು ಇವತ್ತಿನ ಒಂದು ಅಂಕಿ, ಐದು ವರ್ಷದ ನಂತರದ ಒಂದು ಅಂಕಿ ಬೇಕಲ್ಲ? ಇವತ್ತಿನದ್ದನ್ನು ಈಗ ಬರೆದಿಟ್ಟುಕೊಳ್ಳದಿದ್ದರೆ ಆಮೇಲೆ ಹಿಂದಕ್ಕೆ ಹೋಗಿ ಅಳೆಯಲು ಆಗುವುದಿಲ್ಲ.

ಸಮೀಕ್ಷೆ ನಡೆಸುವುದಾದರೆ ತರಬೇತಿಗೆ ನಮ್ಮಂಥವರು ಬರುತ್ತೇವೆ, ಭಾನುವಾರ ಆದರೂ ಸರಿ, ಭತ್ಯೆ ಇಲ್ಲದಿದ್ದರೂ ಸರಿ. ಒಂದೇ ಕೋರಿಕೆ: ನರ್ಸ್‌ಗಳನ್ನು ಅರ್ಧ ದಿನದ ಕಾರ್ಯಾಗಾರಕ್ಕೆ ಕಳಿಸಿ, ಊಟ ಹಾಕಿ, ಪ್ರಮಾಣಪತ್ರ ಕೊಟ್ಟು ಮುಗಿಸಬೇಡಿ. ಪ್ರತಿಯೊಬ್ಬರೂ ತಾವೇ ಊದಬೇಕು, ಆಮೇಲೆ ಬೇರೆಯವರನ್ನು ಊದಿಸಬೇಕು, ತೆಗೆದ ಗೆರೆಗಳನ್ನು ಗೊತ್ತಿರುವವರು ಕೂತು ನೋಡಿ ಇದು ಸರಿ, ಇದು ತಪ್ಪು ಅಂತ ಹೇಳಬೇಕು. ಒಂದು ವಾರವಾದರೂ ಬೇಕು. ಬೆಂಗಳೂರಿನ ಎದೆರೋಗ ವಿಭಾಗಗಳ ಮುಖ್ಯಸ್ಥರನ್ನು ಕರೆದು ಈ ಬಗ್ಗೆ ಒಂದು ಸಭೆ ನಡೆಸಿ, ಅದರ ನಡಾವಳಿಯನ್ನು ಸಾರ್ವಜನಿಕರಿಗೆ ಸಿಗುವಂತೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪಿಎಫ್‌ಟಿ ಟೆಕ್ನಿಷಿಯನ್,
ಬೆಂಗಳೂರು